ಜೋಡಿ ಬೀಗದೊಳಗಿನ ನರಸಿಂಹ

೧೯೧೧ ಅಕ್ಟೋಬರ್ ೯, ಸೋಮವಾರ. ಹೊಸಪೇಟೆ

ನಮ್ಮ ಬೀದಿಯಲ್ಲಿ ಇವತ್ತು ಎರಡು ಇಲಿ ಸತ್ತು ಬಿದ್ದವು. ಒಂದು ಎದುರು ಮನೆಯ ಜಗಲಿಯ ಮೇಲೆ, ಇನ್ನೊಂದು ನಮ್ಮದೇ ಬಚ್ಚಲ ಹತ್ತಿರ. ಇನ್ನು ತಡ ಮಾಡುವಂತಿಲ್ಲ. ಪ್ಲೇಗಿಗೆ ಹೆದರಿ ಊರು ಬಿಡುವುದು ನಮಗೆ ಹೊಸದೇನೂ ಅಲ್ಲ, ಇದು ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ಕೈಗೆ ಸಿಕ್ಕಿದ್ದನ್ನು ಗಾಡಿಗೆ ತುರುಕಿಕೊಂಡು ಓಡಿದ್ದೆವು. ಈ ಸಲ ಹಾಗಾಗಲು ನಾನು ಬಿಡುವುದಿಲ್ಲ. ಪಿಂಚಣಿ ಪಡೆದು ಮನೆಯಲ್ಲಿದ್ದೇನೆ, ಮೂವತ್ತೊಂದು ವರ್ಷ ಖಜಾನೆಯಲ್ಲಿ ದುಡಿದ ಶಿಸ್ತು ಇನ್ನೂ ಮೈಯಲ್ಲಿದೆ. ಅದಕ್ಕೇ ಈ ದಿನಚರಿಯನ್ನೂ ಶುರು ಮಾಡಿದೆ. ಎಲ್ಲವೂ ಬರಹದಲ್ಲಿರಬೇಕು.

ಮನೆಯ ವಿಷಯ. ಅಮ್ಮ, ನಾನು, ನನ್ನ ಹೆಂಡತಿ ಸೀತಾಬಾಯಿ, ತಮ್ಮ ಗೋಪೀನಾಥ, ಅವನ ಹೆಂಡತಿ ವಿಜಯಲಕ್ಷ್ಮೀ, ಅವರ ಇಬ್ಬರು ಹೆಣ್ಣುಮಕ್ಕಳು. ನಮಗೆ ಮಕ್ಕಳಿಲ್ಲ. ಗೋಪಿ ನನಗಿಂತ ಹದಿನೇಳು ವರ್ಷ ಚಿಕ್ಕವನು, ಅಪ್ಪ ತೀರಿಕೊಂಡಾಗ ಅವನಿಗೆ ಆರು ತುಂಬಿತ್ತು. ಕೊನೆಯ ಗಳಿಗೆಯಲ್ಲಿ ಅಪ್ಪ ನನ್ನ ಕೈ ಹಿಡಿದು ಆಡಿದ್ದು ಒಂದೇ ಮಾತು, ಮನೆ ಒಡೆಯಬಾರದು, ಒಲೆ ಎರಡಾಗಬಾರದು. ಆ ಮಾತನ್ನು ಮೂವತ್ತನಾಲ್ಕು ವರ್ಷ ಕಾಪಾಡಿಕೊಂಡು ಬಂದಿದ್ದೇನೆ.

ಮಲಪನಗುಡಿಯ ಹತ್ತಿರ ನಮ್ಮ ಬಾಳೆತೋಟದಲ್ಲಿ ಮೂರು ಗುಡಿಸಲು ಹಾಕಿಸಿದ್ದಾಗಿದೆ. ಉಳಿದದ್ದು ದೇವರ ವಿಷಯ. ನಮ್ಮದು ಅಂಗೈಯಷ್ಟು ದೊಡ್ಡ ಪಂಚಲೋಹದ ನರಸಿಂಹ, ಐದು ಸಾಲಿಗ್ರಾಮ, ಬೆಳ್ಳಿಯ ಮಂಟಪ. ಏಳು ತಲೆಮಾರಿನದು. ಹಿಂದೆಲ್ಲ ಅಮ್ಮ ಮಡಿಯುಟ್ಟು ಗಾಡಿಯಲ್ಲಿ ದೇವರ ಪೆಟ್ಟಿಗೆಯ ಪಕ್ಕ ಕೂತು, ಅದರ ಮೇಲೆ ಒಂದು ಕೈ ಇಟ್ಟುಕೊಂಡೇ ಬರುತ್ತಿದ್ದಳು. ಆದರೆ ಕಳೆದ ಸಲ ಪಾಪಿನಾಯಕನಹಳ್ಳಿ ಕಡೆಯ ಗುಡಿಸಲುಗಳಿಗೆ ಕಳ್ಳರು ಬಿದ್ದು ಒಬ್ಬರ ದೇವರನ್ನು ಮಂಟಪದ ಸಮೇತ ಎತ್ತಿಕೊಂಡು ಹೋದರು. ಸೋಗೆಯ ಗೋಡೆ, ಚಾಪೆಯ ಬಾಗಿಲು, ಅದರೊಳಗೆ ದೇವರು. ಇದು ಭಕ್ತಿಯಲ್ಲ, ಅಜಾಗರೂಕತೆ.

ಆದ್ದರಿಂದ ದೇವರನ್ನು ನನ್ನ ತಿಜೋರಿಯಲ್ಲಿ ಇಟ್ಟೆ. ಪಿಂಚಣಿಯಾದ ವರ್ಷ ಮದರಾಸಿನಿಂದ ತರಿಸಿದ ವಿಲಾಯಿತಿ ತಿಜೋರಿ ಇದು, ಜೋಡಿ ಬೀಗದ್ದು. ಖಜಾನೆಯಲ್ಲೂ ಇದೇ ಪದ್ಧತಿ. ಎರಡು ಕೀಲಿಕೈ ಇಬ್ಬರ ಹತ್ತಿರ ಇರುತ್ತವೆ, ಇಬ್ಬರೂ ಎದುರಿಗಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಂದು ಕೀಲಿಕೈ ನನ್ನ ಉಡಿದಾರಕ್ಕೆ, ಇನ್ನೊಂದು ಗೋಪಿಯ ಉಡಿದಾರಕ್ಕೆ. ಅವನು ನಕ್ಕ.

"ಅಣ್ಣಾ, ಕಂಬ ಒಡಕೊಂಡು ಬಂದವ ನರಸಿಂಹ. ನಿನ್ನ ತಿಜೋರಿ ಅವಗೇನು ಲೆಕ್ಕ?"

ಅಮ್ಮ ನಗಲಿಲ್ಲ. "ಶೀನಾ, ನಮ್ಮನ್ನ ಕಾಯೋನು ಅವನು. ಅವನ್ನ ಕಾಯ್ಲಿಕ್ಕೆ ನೀ ಹೊಂಟೀಯಲ್ಲೋ!"

"ಮಾನಸಪೂಜೆ ಮಾಡ್ತೀನಮ್ಮಾ. ಶಾಸ್ತ್ರದಾಗ ಅದೇ ದೊಡ್ಡದು."

"ಮಾನಸ ಊಟಾನೂ ಮಾಡ್ತೀಯೇನು?"

ಅಮ್ಮನಿಗೆ ಎಪ್ಪತ್ತಾರು. ಈ ವಯಸ್ಸಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ತಿಜೋರಿಗೆ ಬೀಗ ಹಾಕಿ, ಎರಡು ಸಲ ಹಿಡಿ ಎಳೆದು ನೋಡಿದೆ. ಮನೆಯ ಕಾವಲಿಗೆ ಮಲಪನಗುಡಿಯ ಮೂಕಣ್ಣನನ್ನು ನೇಮಿಸಿದ್ದೇನೆ. ಗಟ್ಟಿ ಆಳು, ಕೈಯಲ್ಲಿ ಹಿತ್ತಾಳೆ ಕಟ್ಟಿನ ಕೋಲು.

ಅಕ್ಟೋಬರ್ ೧೧, ಬುಧವಾರ. ತೋಟ

ಬಂದು ಸೇರಿದೆವು. ಎಲ್ಲರೂ ಪ್ಲೇಗಿನ ಸೂಜಿ ಹಾಕಿಸಿಕೊಂಡಿದ್ದೇವೆ, ಅಮ್ಮನೂ. ತೋಟದ ಸುತ್ತ ಜಾಲಿಮುಳ್ಳಿನ ಬೇಲಿ, ಆಳೆತ್ತರ. ಒಳಗೆ ಹೊರಗೆ ಓಡಾಡಲು ಒಂದೇ ಒಂದು ದಡ್ಡೆ, ಅದಕ್ಕೂ ಬೀಗ. ದಡ್ಡೆಯ ಹತ್ತಿರ ಒಂದು ಪುಸ್ತಕ ಇಟ್ಟಿದ್ದೇನೆ. ಹೊರಗೆ ಹೋಗುವವರು ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ಎಂದು ಬರೆದು ನನ್ನ ರುಜು ಪಡೆಯಬೇಕು. ತೋಟದ ಕೆಲಸದ ಹೊಳೆಮ್ಮನಿಗೆ ಬರೆಯಲು ಬಾರದು, ಅವಳ ಪರವಾಗಿ ನಾನೇ ಬರೆಯುತ್ತೇನೆ.

ಸಂಜೆಯ ತಪಾಸಣೆ: ಬೇಲಿ ಸರಿ. ಬೀಗ ಸರಿ. ಕೀಲಿಕೈ ಉಡಿದಾರದಲ್ಲಿ ಸರಿ.

ಅಮ್ಮ ಊಟ ಮಾಡಲಿಲ್ಲ. ಹಾಲು ಕುಡಿದು ಒಂದು ಬಾಳೆಹಣ್ಣು ತಿಂದಳು. ಪ್ರಯಾಣದ ಆಯಾಸ ಇರಬೇಕು.

ಅಕ್ಟೋಬರ್ ೧೪, ಶನಿವಾರ

ಆಯಾಸ ಅಲ್ಲ. ಇವತ್ತಿಗೆ ನಾಲ್ಕು ದಿನ, ಅಮ್ಮ ಅನ್ನ ಮುಟ್ಟಿಲ್ಲ. ಕೇಳಿದೆ. ಸಿಟ್ಟಿಲ್ಲ, ಹಠವಿಲ್ಲ, ಹವಾಮಾನದ ವಿಷಯ ಹೇಳುವಂತೆ ಹೇಳಿದಳು.

"ನೈವೇದ್ಯ ಆಗದ ಅನ್ನ ನಾ ಹ್ಯಾಂಗ ತಿನ್ಲಿ?"

"ಹಾಲು ಕುಡೀತೀಯಲ್ಲ, ಹಣ್ಣು ತಿಂತೀಯಲ್ಲ? ಅದಕ್ಕ ಮಾತ್ರ ನೈವೇದ್ಯ ಬ್ಯಾಡೇನು?"

"ಹಾಲು ಆಕಳು ಕೊಟ್ಟದ್ದು. ಹಣ್ಣು ಗಿಡ ಕೊಟ್ಟದ್ದು. ಅನ್ನ ನಾವು ಮಾಡಿದ್ದು. ನಾವು ಮಾಡಿದ್ದನ್ನ ಅವನ ಮುಂದಿಟ್ಟು, ಇದು ನಿಂದು ಅಂದಮ್ಯಾಲೇ ತಿನ್ನಬೇಕು. ಇಲ್ಲಾಂದ್ರ ನಂದು ನಂದು ಅಂತ ತಿಂದಂಗ ಆಗ್ತದ."

"ಮನಸ್ಸಿನಾಗ ಅರ್ಪಿಸಮ್ಮಾ."

"ನಿನಗ ಬರ್ತದೋ ಏನೋ. ನಂಗ ಅವನ ಮುಖ ಕಾಣಬೇಕು."

ನನಗೂ ಬರುವುದಿಲ್ಲ, ಇಲ್ಲಿಯಾದರೂ ನಿಜ ಬರೆಯಬಹುದು. ಬೆಳಿಗ್ಗೆ ಕಣ್ಣು ಮುಚ್ಚಿ ಮಾನಸಪೂಜೆಗೆ ಕೂತರೆ ನರಸಿಂಹ ಕಾಣುವುದಿಲ್ಲ, ತಿಜೋರಿ ಕಾಣುತ್ತದೆ. ಕೈ ತಾನಾಗಿ ಸೊಂಟಕ್ಕೆ ಹೋಗಿ ಕೀಲಿಕೈ ಮುಟ್ಟಿ ನೋಡುತ್ತದೆ. ಅಮ್ಮ ಅದನ್ನೂ ಗಮನಿಸಿದ್ದಾಳೆ. "ಏನೋ ಅದು, ಗಳಿಗಿಗೊಮ್ಮೆ ಸೊಂಟ ಮುಟ್ಟಿಕೋತಿ, ಹುಳ ಕಡೀತದೇನು?" ಅಂದಳು. ಸೀತಾಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು.

ಗೋಪಿ ಕೇಳಿದ್ದಕ್ಕೆ ಅಮ್ಮನಿಗೆ ಹೊಟ್ಟೆ ಸರಿಯಿಲ್ಲ ಎಂದೆ. ತಪಾಸಣೆ: ಎಲ್ಲ ಸರಿ.

ಅಕ್ಟೋಬರ್ ೧೭, ಮಂಗಳವಾರ

ಮನೆಯಲ್ಲಿ ಮೊದಲೆಲ್ಲ ಹೇಗಿತ್ತು ಎಂದು ಇವತ್ತು ಯೋಚಿಸಿದೆ. ಪೂಜೆ ಮುಗಿಯಬೇಕು, ಗಂಟೆ ಬಾರಿಸಬೇಕು, ನೈವೇದ್ಯ ಆಗಬೇಕು, ಆಮೇಲೆ ಎಲ್ಲರಿಗೂ ಒಟ್ಟಿಗೆ ಎಲೆ ಬೀಳಬೇಕು. ಯಾರೂ ಅದನ್ನು ನಿಯಮ ಎಂದುಕೊಂಡಿರಲಿಲ್ಲ. ಹಸಿದ ಮಕ್ಕಳೂ "ಗಂಟಿ ಆತೇನು?" ಎಂದು ಕೇಳಿ ಕಾಯುತ್ತಿದ್ದವು. ಈಗ ಕಾಯಲು ಏನೂ ಇಲ್ಲ. ವಿಜಯಲಕ್ಷ್ಮೀ ಮಕ್ಕಳು ಅತ್ತರೆಂದು ಬೆಳಿಗ್ಗೆ ಎಂಟಕ್ಕೇ ತನ್ನ ಗುಡಿಸಲಿನ ಮುಂದೆ ಮೂರು ಕಲ್ಲು ಹೂಡಿ ಅನ್ನ ಮಾಡಿದಳು. ಸೀತಾಬಾಯಿ ಹನ್ನೊಂದಕ್ಕೆ ಅಡಿಗೆ ಮುಗಿಸಿ ಕರೆದರೆ ಯಾರೂ ಬರಲಿಲ್ಲ.

"ನಮ್ಮ ಕೈಯ ಅಡಿಗಿ ಸಾಕಾತೇನೋ ಅವರಿಗೆ" ಎಂದು ಇವಳು. "ಮಕ್ಕಳ ಹೊಟ್ಟಿಗೂ ರುಜು ಬೇಕೇನು?" ಎಂದು ಆಕೆ. ಎರಡೂ ಮಾತು ನನ್ನ ಕಿವಿಗೆ ಬಿದ್ದವು. ಊಟದ ವೇಳಾಪಟ್ಟಿ ಒಂದನ್ನು ಬರೆದು ಕಂಬಕ್ಕೆ ಅಂಟಿಸಿದೆ, ಹತ್ತೂವರೆಗೆ ಸರಿಯಾಗಿ ಎಂದು. ಗಂಟೆಯ ಬದಲು ತಟ್ಟೆ ಬಡಿಯುವುದೆಂದು ಗೊತ್ತು ಮಾಡಿದೆ.

ಒಲೆ ಎರಡಾಯಿತು. ಅಪ್ಪನಿಗೆ ಕೊಟ್ಟ ಮಾತು ನೆನಪಾಯಿತು. ಇದು ತಾತ್ಕಾಲಿಕ.

ಅಕ್ಟೋಬರ್ ೧೮, ಬುಧವಾರ

ಹತ್ತೂವರೆಗೆ ತಟ್ಟೆ ಬಡಿದೆ. ಹೊಳೆಮ್ಮನ ನಾಯಿ ಬಂತು.

ಅಕ್ಟೋಬರ್ ೨೦, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ನಾಳೆ ನರಕ ಚತುರ್ದಶಿ. ಹಬ್ಬಕ್ಕೆ ಬನ್ನಿ ಎಂದು ಕಂಪ್ಲಿಯಿಂದ ಗೋಪಿಯ ಮಾವನ ಗಾಡಿ ಬಂದು ದಡ್ಡೆಯ ಹೊರಗೆ ನಿಂತಿತ್ತು. ಕಂಪ್ಲಿಯಲ್ಲಿ ರೋಗವಿಲ್ಲ ಎನ್ನುತ್ತಾರೆ, ಆದರೆ ಎನ್ನುವವರ ಮಾತು ಏನು ಆಧಾರ? ನಾನು ರುಜು ಹಾಕಲಿಲ್ಲ.

"ಅಣ್ಣಾ, ಮೂರು ದಿವಸ ಹೋಗಿ ಬರ್ತೀವಿ. ಮಕ್ಕಳು ಅಳ್ತಾವ."

"ನಿಯಮ ಅಂದ್ರ ನಿಯಮ. ಒಬ್ಬರಿಗೆ ಸಡಿಲ ಮಾಡಿದ್ರ ಬೇಲಿ ಯಾಕ?"

"ನಾನೇನು ನಿನ್ನ ಕಚೇರಿ ಜವಾನಲ್ಲ."

"ಈ ಮನಿ ಒಟ್ಟಿಗೆ ಇರೋದು ನನ್ನಿಂದ ಗೋಪಿ. ನಾ ಕೈ ಬಿಟ್ರ ನೀವೆಲ್ಲ ದಿಕ್ಕಿಗೊಬ್ಬರಾಗ್ತೀರಿ."

ಈ ಮಾತನ್ನು ನಾನು ಆಡಿದೆ. ಅಮ್ಮನ ಎದುರಿಗೇ ಆಡಿದೆ. ಗೋಪಿ ದಡ್ಡೆಯ ಪುಸ್ತಕ ತೆಗೆದುಕೊಂಡು ತಾನೇ ಬರೆದ: ಎಲ್ಲಿಗೆ, ಕಂಪ್ಲಿಗೆ. ಯಾಕೆ, ಅಣ್ಣ ಕೈ ಬಿಡಲಿ ಎಂದು. ಎಷ್ಟು ಹೊತ್ತಿಗೆ ವಾಪಸು ಎಂಬಲ್ಲಿ ಏನೂ ಬರೆಯಲಿಲ್ಲ. ಹೆಂಡತಿ ಮಕ್ಕಳನ್ನು ಗಾಡಿ ಹತ್ತಿಸಿದ. ಅಮ್ಮ ಮೊಮ್ಮಕ್ಕಳ ತಲೆ ಸವರಿದಳು, ಯಾರ ಪರವೂ ಮಾತಾಡಲಿಲ್ಲ.

ಗಾಡಿ ಹೋದ ಮೇಲೆ ನೆನಪಾಯಿತು. ಅವನ ಕೀಲಿಕೈ ಅವನ ಸೊಂಟದಲ್ಲೇ ಹೋಯಿತು.

ಅಕ್ಟೋಬರ್ ೨೩, ಸೋಮವಾರ

ದೀಪಾವಳಿ ಆಯಿತು. ಮೂರು ಜನ, ಮೂರು ಹಣತೆ. ಸೀತಾಬಾಯಿ ಒಬ್ಬಟ್ಟು ಮಾಡಿ ಯಾರಿಗೆ ಬಡಿಸುವುದೆಂದು ತಿಳಿಯದೆ ಹೊಳೆಮ್ಮನಿಗೆ ಕಟ್ಟಿಕೊಟ್ಟಳು. ಅಮ್ಮನಿಗೆ ಎದ್ದು ನಿಂತರೆ ತಲೆ ಸುತ್ತುತ್ತದೆ.

ದೇವರನ್ನು ಹೊರಗೆ ತರಲೇಬೇಕು ಎಂದು ತೀರ್ಮಾನಿಸಿದೆ. ಗೋಪಿಗೆ ಪತ್ರ ಬರೆದು ಆಳಿನ ಕೈಯಲ್ಲಿ ಕಳಿಸಿದೆ. "ತಮ್ಮ ವಶದಲ್ಲಿರುವ ಎರಡನೆಯ ಕೀಲಿಕೈಯನ್ನು ಈ ಪತ್ರ ತಲುಪಿದ ಕೂಡಲೆ ಹಿಂದಿರುಗಿಸತಕ್ಕದ್ದು." ಓದಿ ನೋಡಿದೆ, ಚೊಕ್ಕವಾಗಿತ್ತು. ಅಮ್ಮನ ವಿಷಯ ಬರೆಯಲಿಲ್ಲ. ಬರೆದರೆ ಸೋತಂತೆ.

ಅಕ್ಟೋಬರ್ ೨೬, ಗುರುವಾರ

ಉತ್ತರ ಬಂತು. "ಜೋಡಿ ಬೀಗದ ನಿಯಮ ನಿನ್ನದೇ. ಇಬ್ಬರೂ ಎದುರಿಗಿದ್ದಾಗಲೇ ತೆರೆಯಬೇಕು, ಕೀಲಿಕೈ ಇನ್ನೊಬ್ಬರ ಕೈಗೆ ಕೊಡಕೂಡದು. ನಿಯಮ ಅಂದರೆ ನಿಯಮ."

ಹತ್ತು ಸಲ ಓದಿದೆ. ಒಂದು ಅಕ್ಷರವೂ ತಪ್ಪಿಲ್ಲ.

ಅಕ್ಟೋಬರ್ ೨೭, ಶುಕ್ರವಾರ

ಗೋಪಿಯ ಹಂಗಿಲ್ಲದೆ ತೆಗೆಯುತ್ತೇನೆ ಎಂದು ಕಮಲಾಪುರದ ಕಮ್ಮಾರ ಗವಿಸಿದ್ದಪ್ಪನನ್ನು ಕರೆದುಕೊಂಡು ಊರ ಮನೆಗೆ ಹೋದೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ನಮ್ಮ ಮುಂಬಾಗಿಲು ಹಾರು ಹೊಡೆದಿತ್ತು. ಮೂಕಣ್ಣ ನಾಪತ್ತೆ, ಅವನ ಕೋಲು ಜಗಲಿಗೆ ಒರಗಿತ್ತು. ಅಡಿಗೆಮನೆಯ ಹಿತ್ತಾಳೆ ಕೊಪ್ಪರಿಗೆಗಳು ಹೋಗಿವೆ. ನೇಮಿಸಿದ ಕಾವಲು ಹದಿನೆಂಟು ದಿನವೂ ನಿಲ್ಲಲಿಲ್ಲ. ಬಾಯಿಗೆ ಬಂದಂತೆ ಬೈದೆ, ಕೇಳಲು ಯಾರೂ ಇರಲಿಲ್ಲ.

ತಿಜೋರಿ ಮಾತ್ರ ಇದ್ದಲ್ಲೇ ಇತ್ತು. ಗವಿಸಿದ್ದಪ್ಪ ಉಳಿ, ಸುತ್ತಿಗೆ, ಹಾರೆ ಎಲ್ಲ ಹಾಕಿದ. ಎರಡು ತಾಸು ಬೆವರು ಸುರಿಸಿ ಮೂರು ಉಳಿ ಮುರಿದುಕೊಂಡು ಕೂತ.

"ಸ್ವಾಮೇರ, ಭಾಳ ಚಲೋ ಮಾಲು ತಂದೀರಿ. ಕಳ್ಳರಪ್ಪನ್ನೂ ಒಳಗ ಬಿಡಂಗಿಲ್ಲ ಇದು."

"ನಾ ಕಳ್ಳ ಅಲ್ಲಪ್ಪಾ."

"ಅದಕ್ಕೇನ್ ಗೊತ್ತಾಕ್ಕೈತ್ರಿ?"

ಏಳು ತಲೆಮಾರಿನ ದೇವರ ಮುಂದೆ, ಕಳ್ಳನ ಸಾಮಾನು ಹಿಡಿದುಕೊಂಡು ನಿಂತಿದ್ದೆ. ಕಂಬ ಒಡೆದು ಬಂದವನು ತಿಜೋರಿ ಒಡೆದು ಬರಲಿಲ್ಲ.

ಅಕ್ಟೋಬರ್ ೨೮, ಶನಿವಾರ

ಬೇಲಿಯೊಳಗೆ ಒಂದು ಸತ್ತ ಇಲಿ. ಅಮ್ಮನ ಮಂಚದ ಕೆಳಗೆ.

ಅಕ್ಟೋಬರ್ ೨೯, ಭಾನುವಾರ. ಬಂಡೆಗಳ ಹತ್ತಿರ

ಗುಡಿಸಲುಗಳನ್ನು ಸುಟ್ಟೆವು. ಬೇಲಿಗೂ ಬೆಂಕಿ ಹತ್ತಿತು, ಆರಿಸಲಿಲ್ಲ. ಹಂಪಿಯ ಕಡೆ ಒಂದು ಮೈಲು ನಡೆದು ದೊಡ್ಡ ಬಂಡೆಗಳ ನೆರಳಿನಲ್ಲಿ ಹೊಸದಾಗಿ ಎರಡು ಸೋಗೆ ಚಪ್ಪರ ಹಾಕಿಕೊಂಡಿದ್ದೇವೆ. ಅಮ್ಮನನ್ನು ಮಂಚದ ಸಮೇತ ಹೊತ್ತು ತಂದರು. ಹಗುರಾಗಿದ್ದಾಳೆ ಎಂದು ಹೊತ್ತವರು ಮಾತಾಡಿಕೊಂಡದ್ದು ಕೇಳಿಸಿತು.

ಇಲ್ಲಿ ಬೇಲಿ ಇಲ್ಲ, ದಡ್ಡೆ ಇಲ್ಲ, ಬಾಗಿಲಿಗೆ ಚಾಪೆಯೂ ಇನ್ನೂ ಬಂದಿಲ್ಲ. ಸಂಜೆ ತಪಾಸಣೆಗೆಂದು ಎದ್ದೆ. ಏನನ್ನು ತಪಾಸಣೆ ಮಾಡುವುದು? ಬಂಡೆ ಇದೆ, ಆಕಾಶ ಇದೆ. ಎರಡೂ ನಾನು ಇಟ್ಟದ್ದಲ್ಲ. ಬಂದು ಅಮ್ಮನ ಕಾಲ ಬುಡದಲ್ಲಿ ಕೂತೆ.

ಹೊಳೆಮ್ಮ ನೀರು ತಂದವಳು ಹೇಳಿದಳು. ಮೂಕಣ್ಣನ ಹೆಂಡತಿಗೆ ಗಡ್ಡೆ ಎದ್ದಿತಂತೆ, ಸುದ್ದಿ ಕೇಳಿ ಕೋಲು ಅಲ್ಲೇ ಬಿಟ್ಟು ಓಡಿದನಂತೆ. ಅವನು ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳಂತೆ. "ತನ್ನ ಮನೀನ ಕಾಯಾಕ ಆಗ್ಲಿಲ್ರೀ ಅವಂಗ, ನಿಮ್ಮನೀನ ಹ್ಯಾಂಗ ಕಾದಾನು?" ಅಂದಳು.

ಮೊನ್ನೆ ಬೈದದ್ದು ಬೈದಾಗಿದೆ. ವಾಪಸು ತೆಗೆದುಕೊಳ್ಳಲು ಬರುವುದಿಲ್ಲ.

ಅಕ್ಟೋಬರ್ ೩೧, ಮಂಗಳವಾರ

ಅಮ್ಮ ಇವತ್ತು ಹಾಲನ್ನೂ ಅರ್ಧಕ್ಕೆ ಬಿಟ್ಟಳು. ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಶೀನಾ, ಉತ್ಥಾನ ದ್ವಾದಶಿ ಎಂದು?"

"ಶುಕ್ರವಾರ."

"ನಾಕು ತಿಂಗಳು ಮಲಗಿದವನನ್ನ ಅವತ್ತು ಎಬ್ಬಿಸಬೇಕು. ಎಲ್ಲಾರ ಮನ್ಯಾಗೂ ಎಬ್ಬಿಸ್ತಾರ. ನಮ್ಮವ ಕತ್ತಲಿ ಕಬ್ಬಿಣದಾಗ ಇರ್ತಾನ." ಕಣ್ಣು ತೆರೆದು ನನ್ನನ್ನು ನೋಡಿ, "ನೀ ಕಾಯ್ತೀನಿ ಕಾಯ್ತೀನಿ ಅಂತಿ. ನೀ ನಿದ್ದಿ ಮಾಡಿದಾಗ ನಿನ್ನ ಕಾಯೋರು ಯಾರೋ?" ಅಂದಳು.

ಬೈಗುಳವಾಗಿರಲಿಲ್ಲ. ನಿಜವಾಗಿಯೂ ನನ್ನ ಬಗ್ಗೆ ಚಿಂತೆ ಪಟ್ಟು ಕೇಳಿದ್ದು. ಎದ್ದು ಬಂಡೆಯ ಹಿಂದೆ ಹೋಗಿ ಅತ್ತೆ. ಐವತ್ತೇಳು ವರ್ಷದವನು, ಅತ್ತೆ. "ಸ್ವಾಮೀ, ನನ್ನ ಕೈಲಿ ಆಗಲಿಲ್ಲ" ಎಂದೆ. ಎದುರಿಗೆ ವಿಗ್ರಹವಿರಲಿಲ್ಲ, ಕಣ್ಣಲ್ಲಿ ತಿಜೋರಿಯೂ ಬರಲಿಲ್ಲ.

ನಾಳೆ ನಸುಕಿಗೆ ಗಾಡಿ ಕಟ್ಟಲು ಹೇಳಿದ್ದೇನೆ.

ನವೆಂಬರ್ ೧, ಬುಧವಾರ. ಕಂಪ್ಲಿ

ಕಮಲಾಪುರ ದಾಟಿದ ಮೇಲೆ ದಾರಿ ಹಾಳು ಕೋಟೆಯ ಬಾಗಿಲೊಂದನ್ನು ಹಾಯುತ್ತದೆ. ನೂರು ಸಲ ಹಾದಿದ್ದೇನೆ. ಇವತ್ತು ಗಾಡಿ ನಿಲ್ಲಿಸಿ ಇಳಿದು ನೋಡಿದೆ. ನನ್ನ ಎರಡು ಆಳುದ್ದ ದಪ್ಪದ ಗೋಡೆ. ಕದ ತಿರುಗುತ್ತಿದ್ದ ಕಲ್ಲಿನ ಕುಳಿಯಲ್ಲಿ ನನ್ನ ಇಡೀ ಮುಷ್ಟಿ ಇಳಿಯಿತು. ಅಂಥ ಕದವನ್ನು ಎಷ್ಟು ಜನ ಕಾಯುತ್ತಿದ್ದರೋ, ಕೀಲಿಕೈ ಯಾರ ಉಡಿದಾರದಲ್ಲಿತ್ತೋ. ಈಗ ಕದವಿಲ್ಲ. ಕುರಿಗಳು ಆಚೆಯಿಂದ ಈಚೆಗೆ ಬಂದವು. ಅಲ್ಲೇ ಹಂಪಿಯ ಬಯಲಿನಲ್ಲಿ, ಸೂರೂ ಇಲ್ಲದೆ ಕೈ ಮುರಿದುಕೊಂಡು, ದೊಡ್ಡ ನರಸಿಂಹ ಇನ್ನೂ ಕೂತಿದ್ದಾನೆ. ಕೋಟೆ ಇದ್ದಾಗಲೂ ಅವನಿದ್ದ. ನಾನು ಹೆಚ್ಚು ಯೋಚಿಸಲಿಲ್ಲ, ಹೊತ್ತಾಗುತ್ತಿತ್ತು.

ದಾರಿಯುದ್ದಕ್ಕೂ ಆಡಬೇಕಾದ ಮಾತು ಜೋಡಿಸಿಕೊಂಡೆ. ನಾನು ಹಿರಿಯ, ಆದರೂ ನಾನೇ ಬಂದೆ, ಇತ್ಯಾದಿ. ಕಂಪ್ಲಿ ಮುಟ್ಟಿದಾಗ ಇಳಿಹೊತ್ತು. ಗೋಪಿ ಹೊಳೆಯ ಮೆಟ್ಟಿಲ ಮೇಲೆ ಕಾಲು ತೊಳೆಯುತ್ತಿದ್ದ. ನನ್ನನ್ನು ಕಂಡು ಮುಖ ಗಂಟಿಕ್ಕಿದ. ಜೋಡಿಸಿಟ್ಟ ಮಾತು ಒಂದೂ ಬರಲಿಲ್ಲ.

"ಅಮ್ಮ ಊಟ ಮಾಡಿಲ್ಲೋ ಗೋಪಿ."

"ಎಂದಿನಿಂದ?"

"ಊರು ಬಿಟ್ಟಾಗಿನಿಂದ. ಇವತ್ತಿಗೆ ಇಪ್ಪತ್ತೆರಡು ದಿವಸ. ನೈವೇದ್ಯ ಇಲ್ಲದ ಅನ್ನ ಮುಟ್ಟಂಗಿಲ್ಲ ಅಂತಾಳ. ನಾ ನಿಮಗ್ಯಾರಿಗೂ ಹೇಳಲಿಲ್ಲ. ಹೊಟ್ಟಿ ಸರಿ ಇಲ್ಲ ಅಂತ ಸುಳ್ಳು ಹೇಳಿದ್ದೆ."

ಅವನು ನೀರಿನಲ್ಲೇ ನಿಂತುಬಿಟ್ಟ. "ಪತ್ರದಾಗ ಒಂದು ಮಾತು ಬರೀಬಾರದಿತ್ತೇನು ಅಣ್ಣಾ? ನಾ ಅವತ್ತೇ ಓಡಿ ಬರ್ತಿದ್ದೆ."

"ಬರೀಲಿಕ್ಕೆ ಆಗಲಿಲ್ಲ."

"ಯಾಕ?"

"ಮನಿ ಒಟ್ಟಿಗಿರೋದು ನನ್ನಿಂದ ಅಂದುಕೊಂಡಿದ್ದೆ. ತಪ್ಪಾತಪ್ಪಾ. ನಾ ಕಟ್ಟಿದ್ದೆಲ್ಲ ಕಿತ್ತು ಹೋತು. ಬೇಲೀನೂ ಹೋತು, ಕಾವಲೂ ಹೋತು, ನೀನೂ ಹ್ವಾದಿ. ಉಳದದ್ದು ತಿಜೋರಿ ಒಂದು. ಅದು ನನ್ನ ಮಾತು ಕೇಳವಲ್ಲದು."

ಗೋಪಿ ಮೇಲೆ ಬಂದು, ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ ನನ್ನ ಪಂಚೆಯ ಅಂಚು ಹಿಡಿದುಕೊಂಡ. ಇಬ್ಬರೂ ಅತ್ತದ್ದನ್ನು ಬಟ್ಟೆ ಒಗೆಯುವ ಹೆಂಗಸರು ನೋಡಿದರು. ನೋಡಲಿ.

ನವೆಂಬರ್ ೨, ಗುರುವಾರ, ಏಕಾದಶಿ

ಬೆಳಕು ಹರಿಯುವ ಮೊದಲೇ ಹೊರಟೆವು. ವಿಜಯಲಕ್ಷ್ಮೀ ಮತ್ತು ಮಕ್ಕಳನ್ನು ಅಮ್ಮನ ಹತ್ತಿರ ಇಳಿಸಿ, ನಾವಿಬ್ಬರೇ ಊರ ಮನೆಗೆ ಹೋದೆವು. ಇಬ್ಬರದೂ ಏಕಾದಶಿಯ ಉಪವಾಸ. ಬಾವಿಯಲ್ಲಿ ಮುಳುಗಿ ಒದ್ದೆಬಟ್ಟೆಯಲ್ಲೇ ತಿಜೋರಿಯ ಮುಂದೆ ನಿಂತೆವು.

ಗೋಪಿಯ ಕೀಲಿಕೈ ತಿರುಗಿತು. ನನ್ನದು ತಿರುಗಲಿಲ್ಲ. ಗವಿಸಿದ್ದಪ್ಪನ ಉಳಿ ಬಿದ್ದು ಅಲ್ಲಿ ಸ್ವಲ್ಪ ಜಜ್ಜಿತ್ತು. ಒತ್ತಿದೆ, ತಿರುವಿದೆ, ಬೆರಳು ತರಚಿತು. ಮೊನ್ನೆಯಾಗಿದ್ದರೆ ಇನ್ನೂ ಒತ್ತುತ್ತಿದ್ದೆ. ಇವತ್ತು ಕೈ ಬಿಟ್ಟು ಸುಮ್ಮನೆ ಕೂತೆ.

"ಗೋಪಿ, ಕಂಬದಾಗಿಂದ ಬಂದವ ನನಗ ಯಾಕ ಬರಲಿಲ್ಲ ಗೊತ್ತದೇನು?"

"ಯಾಕ?"

"ಆ ಹುಡುಗ ಕರೆದಿದ್ದ. ನಾ ಬೀಗ ಹಾಕಿದ್ದೆ, ಉಳಿ ಹಚ್ಚಿದ್ದೆ. ಬಾ ಅಂತ ಒಮ್ಮೆಯೂ ಕರೀಲಿಲ್ಲ."

"ಹಂಗಾದ್ರ ಕರಿ."

ಇಬ್ಬರೂ ಕರೆದೆವು. ಮಂತ್ರವಲ್ಲ, ಶ್ಲೋಕವಲ್ಲ, ಹೊರಗಿದ್ದವನನ್ನು ಊಟಕ್ಕೆ ಕರೆಯುವ ಹಾಗೆ, ಬಾರಪ್ಪಾ ಎಂದು. ಆಮೇಲೆ ಗೋಪಿ ನನ್ನ ಕೈಯ ಮೇಲೆ ತನ್ನ ಕೈ ಇಟ್ಟು, ಒತ್ತಡ ಹಾಕದೆ ಸ್ವಲ್ಪ ಹಿಂದಕ್ಕೆ ಎಳೆದು ತಿರುಗಿಸಿದ. ತಿರುಗಿತು. ಪವಾಡ ಎಂದು ನಾನು ಬರೆಯುವುದಿಲ್ಲ. ಬೀಗ ಹಿಂದಕ್ಕೆ ಎಳೆದರೆ ತಿರುಗುವಂಥದಿರಬೇಕು, ಅಷ್ಟೆ. ಆದರೆ ಕರೆಯದೆ ಇದ್ದಿದ್ದರೆ ನನ್ನ ಕೈ ಸಡಿಲವಾಗುತ್ತಿರಲಿಲ್ಲ.

ಒಳಗೆ ರೇಷ್ಮೆಗೆ ಬೂಷ್ಟು ಹಿಡಿದಿತ್ತು, ಬೆಳ್ಳಿ ಕಪ್ಪಾಗಿತ್ತು. ನಾನು ಕೊನೆಯ ದಿನ ಏರಿಸಿದ್ದ ತುಲಸಿ ಒಣಗಿ ಅವನ ತಲೆಯ ಮೇಲೆ ಹಾಗೇ ಇತ್ತು. ಅವನು ಮಾತ್ರ ಏನೂ ಆಗಿಲ್ಲದವನಂತೆ ಕೂತಿದ್ದ. ನನಗೆ ನಾಚಿಕೆಯಾಯಿತು.

ಸೂರ್ಯ ಮುಳುಗುವುದರೊಳಗೆ ಬಂಡೆಗಳ ಹತ್ತಿರ ಬಂದೆವು. ಅಮ್ಮ ಮಂಚದಿಂದ ಕೈ ಮುಗಿದು ಬಹಳ ಹೊತ್ತು ನೋಡಿದಳು. "ಬಂದೇನಪ್ಪಾ?" ಅಂದಳು. ಅವನಿಗೋ ಗೋಪಿಗೋ ತಿಳಿಯಲಿಲ್ಲ.

ನವೆಂಬರ್ ೩, ಶುಕ್ರವಾರ, ಉತ್ಥಾನ ದ್ವಾದಶಿ

ನಸುಕಿನಲ್ಲಿ ಬಂಡೆಯ ಕೆಳಗೆ ದೇವರನ್ನು ಎಬ್ಬಿಸಿದೆವು. ಕಬ್ಬಿನ ಜಲ್ಲೆ, ನೆಲ್ಲಿಯ ಟೊಂಗೆ ಹೊಳೆಮ್ಮ ತಂದಿದ್ದಳು. ಬೆಳ್ಳಿ ಮಂಟಪವನ್ನು ಬೆಳಗಲು ಹೊತ್ತಿರಲಿಲ್ಲ, ಬಿದಿರಿನ ಹೊಸ ಮೊರದಲ್ಲೇ ಕೂಡಿಸಿದೆ. ಗಂಟೆಯ ಸದ್ದು ಬಂಡೆಗೆ ತಾಗಿ ಎರಡೆರಡು ಸಲ ಕೇಳಿಸಿತು. ಒಂದೇ ಒಲೆಯ ಮೇಲೆ ಸೀತಾಬಾಯಿ ಅನ್ನ, ವಿಜಯಲಕ್ಷ್ಮೀ ಸಾರು. ಯಾರು ಮೊದಲು ಮಾತಾಡಿದರೋ ನಾನು ನೋಡಲಿಲ್ಲ.

ನೈವೇದ್ಯವಾಯಿತು. ಎಲ್ಲರಿಗೂ ಒಂದೇ ಸಾಲಿನಲ್ಲಿ ಎಲೆ ಬಿತ್ತು. ಅಮ್ಮನನ್ನು ಗೋಪಿ ಎತ್ತಿ ಬಂಡೆಗೆ ಒರಗಿಸಿ ಕೂಡಿಸಿದ. ಅವಳು ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡಳು. ಎಲ್ಲರೂ ಕೈ ಕಟ್ಟಿಕೊಂಡು ಅವಳ ಬಾಯನ್ನೇ ನೋಡುತ್ತಿದ್ದೆವು.

"ಸಾರಿಗೆ ಉಪ್ಪು ಕಮ್ಮಿ ಆಗೇದ" ಅಂದಳು.

ಇಬ್ಬರು ಸೊಸೆಯರೂ ಒಟ್ಟಿಗೆ ಉಪ್ಪು ತರಲು ಎದ್ದರು.

ನವೆಂಬರ್ ೧೧, ಶನಿವಾರ

ಮೂಕಣ್ಣನಿಗೆ ಅಕ್ಕಿ ಕಳಿಸಿದೆ. ಅವನೇ ಬಂದು ತಲೆ ತಗ್ಗಿಸಿ ನಿಂತ. "ಕಾವಲು ಬಿಟ್ಟು ಹ್ವಾದ್ನಿರೀ, ತಪ್ಪಾತು" ಅಂದ. ತಪ್ಪು ನಿನ್ನದಲ್ಲ, ಕುಂದ್ರು ಅಂದೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಅವನ ಪಕ್ಕ ಕೂತೆ.

ಮಕ್ಕಳು ದಡ್ಡೆಯ ಪುಸ್ತಕದ ಖಾಲಿ ಹಾಳೆಗಳಲ್ಲಿ ಗಾಡಿ, ಎತ್ತು, ನನ್ನ ಮೀಸೆ ಎಲ್ಲ ಬರೆದಿವೆ. ಮೀಸೆ ಚೆನ್ನಾಗಿ ಬಂದಿದೆ.

೧೯೧೨ ಜನವರಿ ೧೪, ಭಾನುವಾರ. ಹೊಸಪೇಟೆ

ಎರಡು ತಿಂಗಳು ಬರೆಯಲೇ ಇಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ಪೂಜೆ, ಆಮೇಲೆ ಊಟ, ಸಂಜೆ ಮಕ್ಕಳಿಗೆ ಕಥೆ. ಆ ಬಂಡೆಗಳ ಕೆಳಗೆ ಕಳ್ಳ ಬರಲಿಲ್ಲವೆಂದಲ್ಲ, ಬಂದಿದ್ದರೂ ತಿಳಿಯುತ್ತಿರಲಿಲ್ಲ, ಅಷ್ಟು ಗಾಢ ನಿದ್ದೆ ನನಗೆ.

ಇವತ್ತು ಊರ ಮನೆಗೆ ವಾಪಸು ಬಂದೆವು. ಸುಣ್ಣ ಬಳಿಸಿದ್ದಾರೆ. ದೇವರನ್ನು ಅವನ ಗೂಡಿನಲ್ಲಿ ಕೂಡಿಸಿ ದೀಪ ಹಚ್ಚಿದೆ. ಅಮ್ಮ ಈ ಸಲವೂ ಗಾಡಿಯಲ್ಲಿ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡೇ ಬಂದಳು.

ತಿಜೋರಿ ನಾವು ಬಿಟ್ಟು ಹೋದ ಹಾಗೇ ಬಾಯಿ ತೆರೆದು ನಿಂತಿತ್ತು. ಸೀತಾಬಾಯಿ ಮತ್ತು ವಿಜಯಲಕ್ಷ್ಮೀ ಸೇರಿ ಅದರೊಳಗೆ ಉಪ್ಪಿನಕಾಯಿ ಭರಣಿ ಇಡಬಹುದು, ಇರುವೆ ಬರುವುದಿಲ್ಲ ಎಂದು ಗೊತ್ತು ಮಾಡಿದ್ದಾರೆ. ಗೋಪಿ ತನ್ನ ಕೀಲಿಕೈ ಬಿಚ್ಚಿ ನನ್ನ ಮುಂದಿಟ್ಟ.

"ಅಣ್ಣಾ, ಎರಡೂ ನಿನ್ನ ಹತ್ರ ಇರ್ಲಿ. ನಿನ್ನ ಕೀಲಿಕೈನೂ ತಗಿ."

ಸೊಂಟ ಮುಟ್ಟಿ ನೋಡಿದೆ. ಉಡಿದಾರ ಬರಿದಾಗಿತ್ತು. ಅವತ್ತು ತಿಜೋರಿಯ ಮುಂದೆಯೇ ಬಿಟ್ಟೆನೋ, ಗಾಡಿಯಲ್ಲಿ ಬಿತ್ತೋ, ಬಂಡೆಗಳ ನಡುವೆ ಉದುರಿತೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಯಾವಾಗಿನಿಂದ ಇಲ್ಲವೆಂಬುದೂ ಗೊತ್ತಿಲ್ಲ.

ಹುಡುಕೋಣ ಎಂದು ಏಳುವಷ್ಟರಲ್ಲಿ ನೈವೇದ್ಯದ ಗಂಟೆ ಕೇಳಿಸಿತು. ಎಲ್ಲರೂ ಎದ್ದರು. ನಾನೂ ಎದ್ದೆ.